ಓಟ ಎಲ್ಲಿ ನಿಲ್ಲುತ್ತದೆ? ಅಗಸಿಯಿಂದ ಅಖಾಡದವರೆಗೆ ಒಂದು ಹಾದಿಯ ಚರಿತ್ರೆ

ಯಲವಿಗಿ ಸ್ಟೇಷನ್‌ನಲ್ಲಿ ರೈಲು ಇಳಿದು ಸವಣೂರು ಕಡೆಯ ಟಂಟಂಗಾಗಿ ಕಾಯುತ್ತಿದ್ದೆವು. ಚಹಾದಂಗಡಿ ಮುಂದೆ ನಾಲ್ಕೈದು ಕಾಲೇಜು ಹುಡುಗರು ಒಂದೇ ಮೊಬೈಲ್ ಸುತ್ತ ತಲೆ ಸೇರಿಸಿ ನಿಂತಿದ್ದರು. ವಿಡಿಯೋದಲ್ಲಿ ಸಮುದ್ರದ ದಂಡೆಯ ಒಂದು ಬಿಳಿ ಊರು. ಒಬ್ಬ ಹುಡುಗ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಜಿಗಿದು, ಗಾಳಿಯಲ್ಲೇ ಪಲ್ಟಿ ಹೊಡೆದು, ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ.

ಹೆಗಲ ಮೇಲಿನ ಕ್ಯಾಮೆರಾ ಚೀಲ ನೋಡಿ ಅವರಲ್ಲೊಬ್ಬ ಕೇಳಿದ: "ಅಣ್ಣಾರ, ನೀವು ಪೇಪರ್‌ನವರಲ್ರಿ? ಇಂಥಾ ಸ್ಪರ್ಧಾ ನಮ್ಮ ಕಡೆ ಇಡಾಕ ಬರತೈತೇನ್ರಿ?"

ನಾವು ಬಾಯಿ ತೆರೆಯುವ ಮೊದಲೇ ಕಟ್ಟೆ ಮೇಲೆ ಕೂತಿದ್ದ ಅಜ್ಜ ಹೇಳಿದರು: "ನಮ್ಮ ಹೋರಿ ಹಬ್ಬದಾಗ ಮತ್ತೇನ್ ನಡಿತೈತೋ ತಮ್ಮಾ? ಹೋರಿ ಬಂತಂದ್ರ ನೀವೆಲ್ಲಾ ಗ್ವಾಡಿ ಹಾರೂದಿಲ್ಲೇನು?"

ಎಲ್ಲರೂ ನಕ್ಕರು. ಟಂಟಂ ಬಂತು, ನಾವು ಹತ್ತಿದೆವು. ಆದರೆ ದಾರಿಯುದ್ದಕ್ಕೂ ಆ ಎರಡು ಮಾತು ತಲೆಯಲ್ಲೇ ಇದ್ದವು. ಹುಡುಗನೂ ಓಡುವವನ ಬಗ್ಗೆ ಮಾತಾಡಿದ, ಅಜ್ಜನೂ ಓಡುವವರ ಬಗ್ಗೆಯೇ ಮಾತಾಡಿದರು. ಓಡುವ ಹಾದಿಯನ್ನು ಕಟ್ಟುವವರು ಯಾರು, ಹೇಗೆ ಕಟ್ಟುತ್ತಾರೆ ಅನ್ನುವ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ಅದರ ಚರಿತ್ರೆಯನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬರೀ ಆಟದ ಪ್ರಶ್ನೆಯಾಗಿ ಉಳಿದಿಲ್ಲ.

ಹೆಸರಿನಲ್ಲೇ ಹಾದಿ

ಹುಡುಗರು ನೋಡುತ್ತಿದ್ದ ಆಟಕ್ಕೆ ಫ್ರೀರನ್ನಿಂಗ್ ಎನ್ನುತ್ತಾರೆ. ಅದರ ಅಣ್ಣನಂಥ ಆಟ ಪಾರ್ಕೋರ್. ಅಡ್ಡ ಬಂದ ಗೋಡೆ, ಕಟ್ಟೆ, ಕಂಬಿಗಳನ್ನು ಹಾರಿ, ಹತ್ತಿ, ದಾಟಿ ಓಡುವುದು ಎರಡಕ್ಕೂ ಮೂಲ. ಪಾರ್ಕೋರ್‌ನಲ್ಲಿ ಬೇಗ ಮುಟ್ಟುವುದು ಮುಖ್ಯ, ಫ್ರೀರನ್ನಿಂಗ್‌ನಲ್ಲಿ ಪಲ್ಟಿ, ತಿರುವು, ಚೆಂದವೂ ಸೇರುತ್ತವೆ.

ಪಾರ್ಕೋರ್ ಎಂಬ ಹೆಸರು ಬಂದಿದ್ದು ಫ್ರೆಂಚ್ ಭಾಷೆಯ 'ಪಾರ್ಕೂರ್' ಎಂಬ ಪದದಿಂದ. ಅದರ ಅರ್ಥ ಹಾದಿ, ಓಟದ ಮಾರ್ಗ. ಕಥೆ ಶುರುವಾಗುವುದು ಜಾರ್ಜ್ ಎಬೇರ್ ಎಂಬ ಫ್ರೆಂಚ್ ನೌಕಾಪಡೆಯ ಅಧಿಕಾರಿಯಿಂದ. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಪರ್ವತ ಬೆಂಕಿ ಉಗುಳಿ ಸೇಂಟ್ ಪಿಯೆರ್ ಪಟ್ಟಣವನ್ನೇ ಸುಟ್ಟಿತು. ಸುಮಾರು 28 ಸಾವಿರ ಜನ ಸತ್ತರು. ಆ ಹೊತ್ತಿನ ರಕ್ಷಣಾ ಕೆಲಸದಲ್ಲಿದ್ದ ಎಬೇರ್, ಮೈಯಲ್ಲಿ ಬಲವಿದ್ದರೆ ಅದು ಇನ್ನೊಬ್ಬರ ಉಪಕಾರಕ್ಕೆ ಬರಬೇಕು ಎಂಬ ನಿಲುವಿಗೆ ಬಂದರು. ನಡೆಯುವುದು, ಓಡುವುದು, ಜಿಗಿಯುವುದು, ಹತ್ತುವುದು, ತೋಲ ಹಿಡಿಯುವುದು, ಭಾರ ಎತ್ತುವುದು, ಎಸೆಯುವುದು, ಈಜುವುದು ಇವೆಲ್ಲ ಸೇರಿದ ತರಬೇತಿ ರೂಪಿಸಿದರು. ಅದಕ್ಕಾಗಿ ಗೋಡೆ, ದಿಮ್ಮಿ, ಹಗ್ಗ, ಗುಂಡಿಗಳನ್ನು ಸಾಲಾಗಿ ಜೋಡಿಸಿದರು. ಸೈನ್ಯಗಳ ಅಡೆತಡೆ ಓಟದ ಮೈದಾನಗಳ ಮೇಲೆ ಇದರ ಪ್ರಭಾವ ದೊಡ್ಡದು. ಇವತ್ತು ಪೊಲೀಸ್, ಮಿಲಿಟರಿ ತರಬೇತಿಗೆ ಹೋದ ನಮ್ಮ ಹುಡುಗರು ಹಾರುವ ಗೋಡೆಗಳೂ ಇದೇ ಬಳಗಕ್ಕೆ ಸೇರಿದವು.

ವಿಯೆಟ್ನಾಂನಲ್ಲಿ ಹುಟ್ಟಿದ ರೇಮಂಡ್ ಬೆಲ್ ಎಂಬ ಹುಡುಗ ಯುದ್ಧದ ಕಾಲದಲ್ಲಿ ಅಂಥ ಮೈದಾನದಲ್ಲೇ ಓಡಿ ಬೆಳೆದರು. ಮುಂದೆ ಪ್ಯಾರಿಸ್‌ನಲ್ಲಿ ಅಗ್ನಿಶಾಮಕ ದಳ ಸೇರಿದರು. ಅವರ ಮಗ ಡೇವಿಡ್ ಬೆಲ್ ಮತ್ತು ಗೆಳೆಯರು ಪ್ಯಾರಿಸ್ ಹತ್ತಿರದ ಲಿಸ್ಸ್ ಎಂಬ ಊರಿನಲ್ಲಿ, 1980-90ರ ದಶಕಗಳಲ್ಲಿ, ಅಪಾರ್ಟ್‌ಮೆಂಟಿನ ಮೆಟ್ಟಿಲು, ಶಾಲೆಯ ಗೋಡೆ, ಕಬ್ಬಿಣದ ಕಂಬಿಗಳನ್ನೇ ಮೈದಾನ ಮಾಡಿಕೊಂಡರು. ಅವರ ಗೆಳೆಯ ಸೆಬಾಸ್ಟಿಯನ್ ಫುಕಾನ್ 2003ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಂದ 'ಜಂಪ್ ಲಂಡನ್' ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡರು. ಫ್ರೀರನ್ನಿಂಗ್ ಎಂಬ ಪದ ಮನೆಮಾತಾಗಿದ್ದು ಆಮೇಲೆ. 2006ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಕ್ರೇನ್ ಮೇಲೆ ಓಡುವವನೂ ಇದೇ ಫುಕಾನ್.

ಅಲ್ಲಿಯವರೆಗೆ ಇದರಲ್ಲಿ ಸ್ಪರ್ಧೆ ಎನ್ನುವುದೇ ಇರಲಿಲ್ಲ. ಯಾರ ಹಾದಿಯನ್ನು ಅವರೇ ಹುಡುಕಿಕೊಳ್ಳುತ್ತಿದ್ದರು. ಹಾರಲಾಗದು ಎನಿಸಿದರೆ ಹಾರುತ್ತಿರಲಿಲ್ಲ.

ಸ್ಪರ್ಧೆ ಬಂದ ಮೇಲೆ

2007ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ರೆಡ್ ಬುಲ್ ಕಂಪನಿ 'ಆರ್ಟ್ ಆಫ್ ಮೋಶನ್' ಎಂಬ ಸ್ಪರ್ಧೆ ಶುರು ಮಾಡಿತು. 2011ರಿಂದ ಹಲವು ವರ್ಷ ಅದು ಗ್ರೀಸ್ ದೇಶದ ಸಾಂತೋರಿನಿ ದ್ವೀಪದಲ್ಲಿ ನಡೆಯಿತು. ಸುಣ್ಣ ಬಳಿದ ಮಾಳಿಗೆಗಳ ಆ ಬಿಳಿ ಊರು ಇದೇ. 2019ರಲ್ಲಿ ಇಟಲಿಯ ಮಾತೇರಾದಲ್ಲಿ, ಬಂಡೆ ಕೊರೆದು ಕಟ್ಟಿದ ಪುರಾತನ ಮನೆಗಳ ನಡುವೆ ನಡೆಯಿತು.

ಸ್ಪರ್ಧೆ ಅಂದ ಕೂಡಲೇ ಹಾದಿಯ ಹೊಣೆ ಬದಲಾಯಿತು. ಮೊದಲು ಓಡುವವನೇ ಹಾದಿ ಆರಿಸುತ್ತಿದ್ದ. ಈಗ ಇನ್ನೊಬ್ಬರು ಆರಿಸಿ, ಇಲ್ಲಿಂದ ಇಲ್ಲಿಗೆ ಓಡು ಎನ್ನುತ್ತಾರೆ. ಮುಂದೆ ಜನ, ಮೇಲೆ ಕ್ಯಾಮೆರಾ, ಕೊನೆಗೆ ಬಹುಮಾನ. ಒಬ್ಬನೇ ಇದ್ದಾಗ ಬೇಡ ಎಂದು ಬಿಡುತ್ತಿದ್ದ ಜಿಗಿತವನ್ನು ಚಪ್ಪಾಳೆ ಕೇಳಿದಾಗ ಜಿಗಿದುಬಿಡುತ್ತಾನೆ. ಆದ್ದರಿಂದ ಹಾದಿ ಕಟ್ಟುವವರು ಅವನ ಪರವಾಗಿ ಮೊದಲೇ ಯೋಚಿಸಬೇಕಾಯಿತು.

ಅವರು ಲೆಕ್ಕ ಹಾಕುವ ಕ್ರಮ ಸರಳ. ಒಂದು ಅಂತಸ್ತಿನ ಆರ್‌ಸಿಸಿ ಮನೆ ಸುಮಾರು 3 ಮೀಟರ್ ಎತ್ತರ. ಅಲ್ಲಿಂದ ಕೆಳಗೆ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತಾನೆ. 4 ಮೀಟರ್ ಆದರೆ 32 ಕಿ.ಮೀ. ಆ ವೇಗದ ಬೈಕು ಗೋಡೆಗೆ ಗುದ್ದಿದರೆ ಏನಾಗುತ್ತದೆ ಎಂದು ನೆನೆಸಿಕೊಳ್ಳಿ. ಈ ವೇಗ ಎಲ್ಲೋ ಕರಗಲೇಬೇಕು. ಬಾಗಿದ ಮೊಣಕಾಲಿನಲ್ಲಿ, ಹೆಗಲ ಮೇಲೆ ಉರುಳುವ ಉರುಳಿನಲ್ಲಿ, ಅಥವಾ ಮೆತ್ತನೆಯ ನೆಲದಲ್ಲಿ. ಎಲ್ಲೂ ಕರಗದಿದ್ದರೆ ಎಲುಬಿನಲ್ಲಿ ಕರಗುತ್ತದೆ.

ಆದ್ದರಿಂದ ಎಲ್ಲಿಂದ ಜಿಗಿಯಬೇಕು ಎನ್ನುವುದಕ್ಕಿಂತ ಎಲ್ಲಿ ಇಳಿಯಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕು. ಇಳಿದ ಮೇಲೆ ಎರಡು ಹೆಜ್ಜೆ ಮುಂದೆ ಹೋಗಲು ಜಾಗ ಇದೆಯೇ, ಪಾದ ಜಾರುತ್ತದೆಯೇ, ಕಂಬಿ ಅಲುಗುತ್ತದೆಯೇ ಎಂದು ನೋಡಬೇಕು. ಓಡುವವರು ಸ್ಪರ್ಧೆಗೆ ಮೊದಲು ಅದೇ ಹಾದಿಯಲ್ಲಿ ಅಭ್ಯಾಸ ಮಾಡಿರಬೇಕು.

2018ರಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಪಾರ್ಕೋರ್ ಅನ್ನು ತನ್ನ ಆಟಗಳ ಪಟ್ಟಿಗೆ ಸೇರಿಸಿಕೊಂಡಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ, ಎರಡನೆಯದು 2024ರ ನವೆಂಬರ್‌ನಲ್ಲಿ ಜಪಾನಿನದೇ ಕಿಟಾಕ್ಯೂಷುದಲ್ಲಿ ನಡೆದವು. ಅಲ್ಲಿ ಊರಿನ ಮಾಳಿಗೆಗಳಿರಲಿಲ್ಲ. ಪ್ಲೈವುಡ್ ಪೆಟ್ಟಿಗೆ, ಇಳಿಜಾರು, ಉಕ್ಕಿನ ಕೊಳವೆಗಳಿಂದ ಅಳತೆ ಹಿಡಿದು ಕಟ್ಟಿದ ಹಾದಿ. ಬೀದಿಯ ಆಟಕ್ಕೆ ಇದು ಸಲ್ಲದು ಎಂದು ಹಳಬರು ಹಲವರು ವಿರೋಧಿಸಿದರು. ಬೀದಿಯ ಸ್ವಾತಂತ್ರ್ಯ ಹೋಯಿತು ಎನ್ನುವುದು ಅವರ ದೂರು. ಅದರಲ್ಲಿ ಹುರುಳಿದೆ. ಆದರೆ ಸಾವಿರಾರು ಜನರನ್ನು ಕರೆದು ನೋಡಿ ಎಂದ ಮೇಲೆ ಅದು ಮೊದಲಿನ ಬೀದಿಯಾಗಿ ಉಳಿಯುವುದಿಲ್ಲ.

ಈ ಮಾತು ನಮ್ಮ ಹೋರಿ ಹಬ್ಬಕ್ಕೂ ಅಷ್ಟೇ ಒಪ್ಪುತ್ತದೆ.

ನಮ್ಮ ಅಗಸಿಯ ಹಾದಿ

ಹಾವೇರಿ ಸೀಮೆಯ ಓದುಗರಿಗೆ ಹೋರಿ ಬೆದರಿಸುವುದನ್ನು ವಿವರಿಸಬೇಕಿಲ್ಲ. ದೂರದವರಿಗಾಗಿ ಎರಡು ಮಾತು. ದೀಪಾವಳಿಯ ಬಲಿಪಾಡ್ಯಮಿಗೆ ಎತ್ತು, ಹೋರಿಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲ ಹಾಕಿ, ಕೊರಳಿಗೆ ಒಣ ಕೊಬ್ಬರಿ ಸರ ಕಟ್ಟಿ ಪೂಜೆ ಮಾಡಿ ಬಿಡುತ್ತಾರೆ. ಹೋರಿ ಓಡುತ್ತದೆ. ಪೈಲ್ವಾನರು ಅಡ್ಡ ಬಂದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ದಾಟಿದರೆ ಹೋರಿ ಗೆದ್ದಂತೆ. ಎತ್ತರಕ್ಕೆ ಬಲೂನು, ಬಣ್ಣದ ಹಾಳೆ ಕಟ್ಟಿದ್ದು ಪೀಪಿ ಹೋರಿ, ಕೊಬ್ಬರಿ ಕಟ್ಟಿದ್ದು ಕೊಬ್ಬರಿ ಹೋರಿ. ದೀಪಾವಳಿಗೆ ಶುರುವಾಗಿ ತಿಂಗಳುಗಟ್ಟಲೆ ಊರಿಂದ ಊರಿಗೆ ಸ್ಪರ್ಧೆಗಳು ನಡೆಯುತ್ತವೆ.

ಮೊದಲಿನ ಹಾದಿ ಊರಿನ ಬೀದಿಯೇ ಆಗಿತ್ತು ಎಂದು ಹಿರಿಯರು ಹೇಳುತ್ತಾರೆ. ಅಗಸಿ ಬಾಗಿಲ ಹತ್ತಿರ ಬಿಟ್ಟರೆ ಓಣಿ ಹಿಡಿದು ಓಡುತ್ತಿತ್ತು. ಆ ಬೀದಿಯನ್ನು ಒಮ್ಮೆ ಹಾದಿ ಕಟ್ಟುವವರ ಕಣ್ಣಿನಿಂದ ನೋಡೋಣ. ಎರಡೂ ಕಡೆ ಮಾಳಿಗೆ ಮನೆಗಳು, ನೋಡುವವರೆಲ್ಲ ಮೇಲೆ. ಮನೆ ಮುಂದೆ ಎತ್ತರದ ಕಟ್ಟೆ, ಓಡುವವರು ಒಂದೇ ನೆಗೆತಕ್ಕೆ ಹತ್ತಬಹುದು. ಹತ್ತು ಹೆಜ್ಜೆಗೊಂದು ತಲಬಾಗಿಲು, ನಡುನಡುವೆ ಸಂದಿ. ಕಾಲ ಕೆಳಗೆ ಮಣ್ಣು. ಬೀದಿಯ ಆಚೆ ಕೆರೆ ದಂಡೆ, ಖಾಲಿ ಹೊಲ. ಅಲ್ಲಿ ಹೋರಿ ತಾನೇ ದಣಿದು ನಿಲ್ಲುತ್ತಿತ್ತು. ಓಡಿಸುವವರೂ ಊರವರೇ, ಹೋರಿಯೂ ಪರಿಚಯದ್ದೇ.

ಆ ಬೀದಿಯನ್ನು ಯಾರೂ ಹೋರಿಗಾಗಿ ಕಟ್ಟಿರಲಿಲ್ಲ. ಆದರೂ ಒಳ್ಳೆಯ ಅಖಾಡಕ್ಕೆ ಬೇಕಾದದ್ದು ಬಹುತೇಕ ಅಲ್ಲಿತ್ತು. ಜನರಿಗೆ ಎತ್ತರ, ಓಡುವವನಿಗೆ ಆಸರೆ, ಹೋರಿಗೆ ನಿಲ್ಲುವ ಜಾಗ.

ಈಗ ಬೀದಿ ಬದಲಾಗಿದೆ. ಮಣ್ಣಿನ ಜಾಗದಲ್ಲಿ ಸಿಮೆಂಟ್ ರಸ್ತೆ ಬಂದಿದೆ, ಗೊರಸು ಜಾರುತ್ತದೆ. ಕಟ್ಟೆ ಹೋಗಿ ಕಬ್ಬಿಣದ ಗೇಟು ಬಂದಿದೆ, ಒಳಗಿನಿಂದ ಚಿಲಕ. ಬೀದಿಯ ಆಚೆ ಹೊಲದ ಬದಲು ಡಾಂಬರು ರಸ್ತೆ, ಬಸ್ಸು, ಲಾರಿ. ಬಹುಮಾನಕ್ಕೆ ಬೈಕು, ಬಂಗಾರ ಇಡುತ್ತಾರೆ. ದೂರದ ಊರುಗಳಿಂದ ವಾಹನದಲ್ಲಿ ಹೋರಿ ಬರುತ್ತವೆ, ಸಾವಿರಾರು ಜನ ಬರುತ್ತಾರೆ. ಹಲವು ಕಡೆ ಊರ ಹೊರಗಿನ ಬಯಲಿಗೆ ಸ್ಪರ್ಧೆ ಹೋಯಿತು. ಟ್ರ್ಯಾಕ್ಟರ್ ಟ್ರಾಲಿ ಸಾಲಾಗಿ ನಿಲ್ಲಿಸಿ, ಗಳ ಕಟ್ಟಿ ಅಖಾಡ ಮಾಡುತ್ತಾರೆ. ಬಿಡುವ ಜಾಗಕ್ಕೆ ಪೆಂಡಾಲು, ಮೈಕು, ಹಾರ, ಎಲ್ಲ ಇರುತ್ತದೆ. ಓಟ ಮುಗಿಯುವ ಜಾಗದಲ್ಲಿ ಎಷ್ಟೋ ಕಡೆ ಏನೂ ಇರುವುದಿಲ್ಲ.

2025ರ ದೀಪಾವಳಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಹೋರಿ ತಿವಿದು ಕನಿಷ್ಠ ಮೂವರು ಸತ್ತರು. ಕೊಬ್ಬರಿ ಹರಿಯಲು ಹೋದವರಷ್ಟೇ ಸಾಯುತ್ತಾರೆ ಎಂದು ತಿಳಿದಿದ್ದರೆ ಅದು ತಪ್ಪು. ಆಟಕ್ಕೆ ಸಂಬಂಧವೇ ಇಲ್ಲದ ವಯಸ್ಸಾದವರೂ ಅದರಲ್ಲಿದ್ದರು.

ಕರಾವಳಿಯವರ ಮಂಜೊಟ್ಟಿ

ಓಟದ ಕೊನೆಯನ್ನು ಮೊದಲೇ ಯೋಚಿಸಿದವರು ಪಕ್ಕದ ಕರಾವಳಿಯಲ್ಲೇ ಇದ್ದಾರೆ. ಕಂಬಳದ ಕೆಸರಿನ ಹಾದಿಗೆ ಅವರು 'ಕರೆ' ಎನ್ನುತ್ತಾರೆ. ಅಕ್ಕಪಕ್ಕ ಎರಡು ಇದ್ದರೆ ಜೋಡುಕರೆ. ಕೋಟಿ-ಚೆನ್ನಯ, ಲವ-ಕುಶ ಎಂದು ಅವಕ್ಕೆ ಹೆಸರೂ ಇಡುತ್ತಾರೆ. ಕೋಣಗಳನ್ನು ಬಿಡುವ ಜಾಗ ಗಂತು. ಓಟ ಮುಗಿಯುವ ಜಾಗ ಮಂಜೊಟ್ಟಿ.

ಮಂಜೊಟ್ಟಿ ಎಂದರೆ ಕರೆಯ ಕೊನೆಯಲ್ಲಿ ಮೇಲಕ್ಕೆ ಏರುವ ಮಣ್ಣಿನ ದಿಬ್ಬ. ಜೋರಾಗಿ ಬಂದ ಕೋಣಗಳು ಏರು ಹತ್ತುವಾಗ ತಾವೇ ನಿಧಾನವಾಗುತ್ತವೆ. ಅಲ್ಲಿ ಹಿಡಿಯುವವರು ಕಾದಿರುತ್ತಾರೆ. ಯಾವ ಎಂಜಿನಿಯರೂ ಬಂದು ಹೇಳಿಕೊಡದೆ ರೈತರು ಕಂಡುಕೊಂಡ ಉಪಾಯ ಇದು. ಫ್ರೀರನ್ನಿಂಗ್‌ನವರು ಇಳಿಯುವ ಜಾಗಕ್ಕೆ ಮೆತ್ತೆ ಹಾಸುವುದರ ಹಿಂದೆಯೂ ಇದೇ ಲೆಕ್ಕವಿದೆ. ಬಂದ ವೇಗ ಎಲ್ಲಿ ಕರಗಬೇಕು ಎಂದು ಮೊದಲೇ ಜಾಗ ಮಾಡಿಡುವುದು.

ಕಂಬಳದಲ್ಲಿ ಹಾದಿಯೇ ಅಳತೆಗೋಲೂ ಆಗುತ್ತದೆ. ಕನೆಹಲಗೆ ವಿಭಾಗದಲ್ಲಿ ಯಾರು ಮೊದಲು ಮುಟ್ಟಿದರು ಎಂದು ನೋಡುವುದಿಲ್ಲ, ಹಲಗೆಯಿಂದ ಚಿಮ್ಮಿದ ನೀರು ಎಷ್ಟು ಎತ್ತರ ಹೋಯಿತು ಎಂದು ನೋಡುತ್ತಾರೆ. ಅದಕ್ಕೆ ಕರೆಯ ಮೇಲೆ 6.5 ಕೋಲು, 7.5 ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ನೀರು ಬಟ್ಟೆಗೆ ತಾಗಿತೋ ಇಲ್ಲವೋ ಎನ್ನುವುದು ನೆರೆದವರಿಗೆಲ್ಲ ಕಾಣುತ್ತದೆ. ಓಟದ ವಿಭಾಗಗಳಿಗೆ ಈಗ ಲೇಸರ್ ಬೆಳಕಿನ ಗೆರೆಯೂ ಬಂದಿದೆ. ಜಗಳ ಕಡಿಮೆಯಾಗುವುದು ಇಂಥ ಕಡೆ.

2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಗದ್ದೆಯೇ ಇಲ್ಲದ ಊರಿನಲ್ಲಿ ನೆಲ ಅಗೆದು, ಮಣ್ಣು ಹದ ಮಾಡಿ, ನೀರು ನಿಲ್ಲಿಸಿ 'ರಾಜ-ಮಹಾರಾಜ' ಎಂಬ ಜೋಡುಕರೆ ಕಟ್ಟಿದರು. ಕೋಣಗಳು ಕರಾವಳಿಯಿಂದ ಲಾರಿಯಲ್ಲಿ ಬಂದವು. ಊರು ಬಿಟ್ಟು ಬಂದಾಗ ಅವರು ಬರೀ ಕೋಣಗಳನ್ನು ತರಲಿಲ್ಲ, ಕರೆ ಕಟ್ಟುವ ವಿದ್ಯೆಯನ್ನೂ ತಂದರು. ನಮ್ಮ ಹೋರಿ ಬೀದಿಯಿಂದ ಬಯಲಿಗೆ ಬಂದಾಗ ಈ ಭಾಗ ಬಿಟ್ಟುಹೋಯಿತು ಎನಿಸುತ್ತದೆ.

ತಮಿಳುನಾಡಿನ ಜಲ್ಲಿಕಟ್ಟು ನಮ್ಮ ಹೋರಿ ಹಬ್ಬಕ್ಕೆ ಇನ್ನೂ ಹತ್ತಿರದ ಆಟ. ಅಲ್ಲಿ ಹೋರಿ ಹೊರಬರುವ ಇಕ್ಕಟ್ಟಾದ ಬಾಗಿಲಿಗೆ ವಾಡಿವಾಸಲ್ ಎನ್ನುತ್ತಾರೆ. ನಿಯಮ ಬಂದ ಮೇಲೆ ಅಖಾಡಕ್ಕೆ ಎರಡು ಸುತ್ತಿನ ಬೇಲಿ, ನೆಲಕ್ಕೆ ತೆಂಗಿನ ನಾರಿನ ಪುಡಿ, ಕೊನೆಗೆ ಹೋರಿಗಳನ್ನು ಕೂಡಿಹಾಕಿ ಮಾಲೀಕರಿಗೆ ಒಪ್ಪಿಸುವ ದೊಡ್ಡ ಆವರಣ ಬಂದವು. ಅಲ್ಲಿಯೂ ಸಾವು ನೋವು ಪೂರ್ತಿ ನಿಂತಿಲ್ಲ. ಆದರೆ ಓಟ ಎಲ್ಲಿ ಮುಗಿಯಬೇಕು ಎಂಬುದಕ್ಕೆ ನಿಯಮದಲ್ಲಿ ಒಂದು ಉತ್ತರವಿದೆ.

ಕೋರ್ಟು ಹೇಳಿದ್ದು

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳಿಗೆ ತಡೆ ಹಾಕಿತು. ಆ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಆಮೇಲೆ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ತಮ್ಮ ತಮ್ಮ ಕಾನೂನಿಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಮ್ಮ ಕಡೆ ಪಟಾಕಿ ಹೊಡೆಯುವಾಗ ಅದೇ ತೀರ್ಪಿನ ಇನ್ನೊಂದು ಮಾತು ಹೆಚ್ಚು ಜನಕ್ಕೆ ಮುಟ್ಟಲಿಲ್ಲ. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಅದರ ಹೊಣೆ ಜಿಲ್ಲಾ ಆಡಳಿತದ್ದು ಎಂದು ಪೀಠ ಹೇಳಿತ್ತು.

ಇಲ್ಲಿ ಇನ್ನೊಂದು ವ್ಯತ್ಯಾಸ ಮರೆಯಬಾರದು. ಸಾಂತೋರಿನಿಯ ಹುಡುಗ ಬೇಡವೆನಿಸಿದರೆ ಮಾಳಿಗೆಯಿಂದ ಇಳಿದು ಬರಬಹುದು. ಹೋರಿಗೆ ಆ ಆಯ್ಕೆ ಇಲ್ಲ. ನಾಲ್ಕು ಕ್ವಿಂಟಲ್ ಆಸುಪಾಸಿನ ಜೀವ, ಗದ್ದಲಕ್ಕೆ ಬೆದರಿ ಓಡುತ್ತದೆ. ಅದಕ್ಕೆ ಕಾಣುವುದು ಎದುರಿನ ಬಯಲು ಮಾತ್ರ. ಆ ಬಯಲಿನಲ್ಲಿ ರಸ್ತೆ ಇದೆಯೋ, ಅಜ್ಜ ಕೂತಿದ್ದಾನೋ ಎಂದು ನೋಡಬೇಕಾದವರು ನಾವು.

ಕೊನೆಯಿಂದ ಕಟ್ಟಿ

ಇಷ್ಟು ಚರಿತ್ರೆ ಓದಿದ ಮೇಲೆ ನಮಗೆ ಒಂದು ಮಾತು ಖಾತ್ರಿಯಾಗಿದೆ. ಹಾದಿಯನ್ನು ಕೊನೆಯಿಂದ ಕಟ್ಟಬೇಕು. ಹೋರಿ ಸ್ಪರ್ಧೆಯ ಕಮಿಟಿಯವರು ಮೊದಲು ಓಟ ನಿಲ್ಲುವ ಜಾಗಕ್ಕೆ ಹೋಗಿ ನಿಂತು ನೋಡಲಿ. ಅಲ್ಲಿಂದ ಡಾಂಬರು ರಸ್ತೆ ಎಷ್ಟು ದೂರ? ಬಾವಿ, ಕೃಷಿಹೊಂಡ, ತಂತಿ ಬೇಲಿ ಇದೆಯೇ? ಏರು ದಿಬ್ಬ ಮಾಡಲು ಬರುತ್ತದೆಯೇ? ಹೋರಿ ಕೂಡಿಹಾಕಲು ಗಟ್ಟಿ ಆವರಣ, ಹಿಡಿಯಲು ಮಾಲೀಕನ ಕಡೆಯವರು ಇದ್ದಾರೆಯೇ? ಹಿಂದಿನ ಹೋರಿ ಕೈಗೆ ಸಿಗುವ ತನಕ ಮುಂದಿನದನ್ನು ಬಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳುವ ಧೈರ್ಯ ಇದೆಯೇ?

ಆಮೇಲೆ ನಡುವಿನ ಹಾದಿ. ಓಡುವವನಿಗೆ ಹಳೆಯ ಕಟ್ಟೆಯಂಥ ಆಸರೆ ಅಲ್ಲಲ್ಲಿ ಬೇಕು. ಬೇಲಿಯಲ್ಲಿ ಮನುಷ್ಯ ತೂರಬಹುದಾದ, ಹೋರಿ ತೂರಲಾಗದ ಸಂದಿ ಬಿಡಬೇಕು. ನೋಡುವವರು ಎತ್ತರದಲ್ಲಿರಬೇಕು, ಮಕ್ಕಳು ಟ್ರಾಲಿಯ ಕೆಳಗೆ ಕೂರಬಾರದು. ಆಂಬುಲೆನ್ಸ್ ಬಂದು ಹೋಗುವ ದಾರಿಯಲ್ಲಿ ಬೈಕು ನಿಲ್ಲಿಸಬಾರದು. ಬಿಡುವ ಜಾಗದ ಪೆಂಡಾಲು, ಹಾರ ಎಲ್ಲದರ ಕೊನೆಗೆ ಬರಲಿ. ಇದರಲ್ಲಿ ದೊಡ್ಡ ಖರ್ಚಿನ ಬಾಬತ್ತು ಹೆಚ್ಚೇನೂ ಇಲ್ಲ. ಒಂದು ಬೈಕಿನ ಬಹುಮಾನ ಕಡಿಮೆ ಮಾಡಿದರೆ ಗಟ್ಟಿ ಬೇಲಿಗೆ ಸಾಕಷ್ಟು ದುಡ್ಡು ಉಳಿಯುತ್ತದೆ.

ಇನ್ನು ಯಲವಿಗಿಯ ಹುಡುಗರ ಪ್ರಶ್ನೆ. ತಮ್ಮಂದಿರೇ, ಇಂಥ ಸ್ಪರ್ಧೆ ನಮ್ಮ ಕಡೆಯೂ ಇಡಬಹುದು. ಹಗ್ಗವಿಲ್ಲದೆ ಚಿತ್ರದುರ್ಗದ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ನಾಡೇ ಬೆರಗಿನಿಂದ ನೋಡಿದೆ. ಆದರೆ ಅವರನ್ನು ನೋಡಿ ಹಾನಗಲ್ಲಿನ ತಾರಕೇಶ್ವರ ಗುಡಿಯ ಗೋಡೆ ಹತ್ತಬೇಡಿ. ಅದು ಸಂರಕ್ಷಿತ ಸ್ಮಾರಕ, ಅದರ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ರೈಲ್ವೆ ಪ್ಲಾಟ್‌ಫಾರ್ಮ್, ನೀರಿನ ಟ್ಯಾಂಕ್ ಕೂಡ ಬೇಡ. ಸುಗ್ಗಿ ಮುಗಿದ ಹೊಲದಲ್ಲಿ ಮಣ್ಣು ಅಗೆದು ಸಡಿಲ ಮಾಡಿ, ಗರಡಿ ಮನೆಯವರನ್ನು ಕೇಳಿ ಹದ ಮಾಡಿಕೊಳ್ಳಿ. ಸೊಂಟದೆತ್ತರದ ದಿಮ್ಮಿ, ಎದೆಯೆತ್ತರದ ಗೋಡೆ ಇಟ್ಟು, ಮೊದಲು ಇಳಿಯುವುದನ್ನು ಕಲಿಯಿರಿ. ಲಿಸ್ಸ್‌ನ ಹುಡುಗರೂ ವರ್ಷಗಟ್ಟಲೆ ಸಣ್ಣ ಜಿಗಿತವನ್ನೇ ಮತ್ತೆ ಮತ್ತೆ ಮಾಡಿದ್ದು.

ಆ ಅಜ್ಜನಿಗೂ ಒಂದು ಮಾತು. ನೀವು ಹೇಳಿದ್ದು ಖರೆ, ಯಜಮಾನ್ರ. ಹೋರಿ ಬಂದಾಗ ಹುಡುಗರು ಗ್ವಾಡಿ ಹಾರುತ್ತಾರೆ. ಬರುವ ದೀಪಾವಳಿಗೆ ಆ ಗ್ವಾಡಿ ಎಲ್ಲಿರಬೇಕು ಎಂದು ಕಮಿಟಿಯವರಿಗೆ ನೀವೇ ತೋರಿಸಿಕೊಡಿ. ಹಳೆಯ ಅಗಸಿಯ ಹಾದಿಯನ್ನು ಕಣ್ಣಾರೆ ಕಂಡವರು ಊರಲ್ಲಿ ಈಗ ನಿಮ್ಮಂಥ ಕೆಲವರೇ ಉಳಿದಿದ್ದಾರೆ.